ಬಾರದೇ ಹೋದ ಮುಷ್ಟಿ

"ಹೀಗೆ," ಎಂದು ಬೇಕರಿಯ ಗ್ರಾಂಟ್ ವೈಟ್‌ಸೆಲ್ ಹಿಟ್ಟು ಮೆತ್ತಿದ ಎಡಗೈಯ ಎರಡು ಬೆರಳನ್ನು ನನ್ನ ಮೂಗಿನ ಮುಂದೆ ಎತ್ತಿ ಹಿಡಿದ. "ಶಾಂತಿ, ಶಾಂತಿ ಅಂತ ತೋರಿಸ್ತಾರಲ್ಲ, ಹಾಗೆ. ಹೊಗೆ ಉಗುಳ್ಕೊಂಡು, ಕಿವಿ ಕಿತ್ತುಹೋಗೋ ಹಾಗೆ ಸದ್ದು ಮಾಡ್ಕೊಂಡು ಹೋಗ್ತಾ ನನಗೆ ಶಾಂತಿ ಹೇಳಿದ ಪುಣ್ಯಾತ್ಮ!"

"ಹಿಂದೆ ಬಂದವನು?"

"ಅವನು ಒಂದು ಬೆರಳು."

"ಯಾವ ಬೆರಳು?"

"ನೀವು ಅಂದ್ಕೊಂಡಿದ್ದಲ್ಲ, ತೋರುಬೆರಳೇ. ಮೇಷ್ಟ್ರು ಹುಡುಗರಿಗೆ ಹುಷಾರ್ ಅಂತಾರಲ್ಲ, ಹಾಗೆ."

"ಆಮೇಲೆ?"

"ಆಮೇಲೇನು? ಸದ್ದು ಅಡಗ್ತು. ಕಾಡು ಮತ್ತೆ ಕಾಡಾಯ್ತು."

ಬಾಯಿಗಿಡಲು ಹೊರಟ ದಾಲ್ಚಿನ್ನಿ ಬನ್ನನ್ನು ನಾನು ತಟ್ಟೆಯಲ್ಲೇ ಇಟ್ಟೆ. "ಯಾರೂ ಮುಷ್ಟಿ ತೋರಿಸಲಿಲ್ವಾ ಗ್ರಾಂಟ್?"

"ಮುಷ್ಟೀನಾ? ಗುದ್ದೋಕೆ ಬಂದ್ರಾ ಅಂತ ಕೇಳ್ತಿದೀರಾ ಮಾರ್ಲಿಸ್? ಅದೊಂದು ಬಾಕಿ ಇತ್ತು ನೋಡಿ. ಇಲ್ಲ, ಎರಡೇ ಸ್ಲೆಡ್ಡು, ಇಬ್ಬರೇ ಜನ. ಮಂಗಳವಾರ ಬೆಳಿಗ್ಗೆ ನಾಯಿ ಜೊತೆ ಕಾಡಿನ ದಾರೀಲಿ ಹೋಗ್ತಿದ್ದಾಗ ಕಂಡಿದ್ದು ಅಷ್ಟೇ, ಅವತ್ತಿಂದ ಅದನ್ನೇ ಹೇಳ್ತಾ ಬಂದಿದೀನಿ."

ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಪಾರ್ಕಿನ್ ಇಳಿಜಾರಿನ ಹಿಮ ಕುಸಿದು, ಸ್ಕೀ ಸಂಘದ ಅಧ್ಯಕ್ಷೆ ಇಂಗ್ರಿಡ್ ಫಾಲ್ಕ್ ಅದರಡಿ ಸಿಕ್ಕಿದ್ದಳು. ಇನ್ನೂ ಕಣ್ಣು ಬಿಟ್ಟಿಲ್ಲ. ಬುಧವಾರ, ಹಿಮದ ಮೇಲೆ ಓಡುವ ಮೋಟಾರು ಬಂಡಿಗಳ ಸ್ಲೆಡ್ ಕ್ಲಬ್ಬಿನ ಅಧ್ಯಕ್ಷ ಕ್ಲೇಟನ್ ರಡ್ ತಾನಾಗಿ ನಮ್ಮ ಕಾಡಿನ ಕಚೇರಿಗೆ ನಡೆದು ಬಂದು, 'ಹಿಮ ಕುಸಿಯುವ ಹಾಗೆ ಮೇಲಿಂದ ಹಾದದ್ದು ನನ್ನ ಸ್ಲೆಡ್ಡೇ' ಎಂದು ಬರೆದು ಸಹಿ ಹಾಕಿಕೊಟ್ಟಿದ್ದ. ಜೊತೆಗಿದ್ದವನು ಭಾವಮೈದ ಮರ್ಲ್ ಒಬ್ಬನೇ ಎಂದಿದ್ದ. ಇವತ್ತು ಶುಕ್ರವಾರ.

ನಾನು ಈ ಕಾಡಿನ ಪೊಲೀಸು. ಅದಕ್ಕೂ ಮುಂಚೆ ಆರ್ವಿಡ್ ಟೊರ್ಗರ್ಸನ್‌ನ ಮಗಳು. ಅಪ್ಪ ಸ್ಲೆಡ್ ಕ್ಲಬ್ಬು ಕಟ್ಟಿದವರಲ್ಲೊಬ್ಬ. ನಾನು ಎಣಿಸಲು ಕಲಿತಿದ್ದೇ ಅವನ ಕೈಗವಸಿನ ಬೆರಳುಗಳ ಮೇಲೆ. ಹಿಮದ ಹಾದಿಯಲ್ಲಿ ಎದುರಿಗೆ ಯಾರೇ ಸಿಗಲಿ, ಮುಂದಿನ ಸವಾರ ಎಡಗೈ ಎತ್ತಿ ತನ್ನ ಹಿಂದೆ ಎಷ್ಟು ಸ್ಲೆಡ್ ಬರುತ್ತಿವೆ ಎಂದು ಬೆರಳಲ್ಲಿ ಹೇಳುತ್ತಾನೆ. ಅವನ ಹಿಂದಿನವನು ಒಂದು ಕಡಿಮೆ. ಎಲ್ಲರಿಗಿಂತ ಕಡೆಯವನು ಮುಷ್ಟಿ ಬಿಗಿದು ತೋರಿಸಿ, 'ನಾನೇ ಕೊನೆ, ಇನ್ನು ದಾರಿ ನಿನ್ನದು' ಎಂದು ತಿಳಿಸಿ ಹೋಗುತ್ತಾನೆ.

ಎರಡು. ಆಮೇಲೆ ಒಂದು. ಮುಷ್ಟಿ ಬರಲಿಲ್ಲ.

ಮೂರನೆಯದೊಂದು ಸ್ಲೆಡ್ ಇತ್ತು. ಕ್ಲೇಟನ್ ಅದರ ಸುದ್ದಿ ಎತ್ತಿರಲಿಲ್ಲ. ಹನ್ನೊಂದು ಚಳಿಗಾಲ ಸ್ಲೆಡ್ಡುಗಳಿಗೆ ದಾರಿ ಬಿಟ್ಟು ಬಿಟ್ಟು ರೋಸಿಹೋದ ಗ್ರಾಂಟ್‌ಗೆ ಈ ಸನ್ನೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವನೂ ಕೇಳಿರಲಿಲ್ಲ. ನನಗೆ ನಗು ಬಂತು, ಜೊತೆಗೇ ಬೇಜಾರೂ ಆಯಿತು.

"ಏನು ನಗ್ತೀರಿ?"

"ಏನಿಲ್ಲ. ನೀವು ಯಾವತ್ತಾದ್ರೂ ಸ್ಲೆಡ್ ಮೇಲೆ ಕೂತಿದೀರಾ?"

"ನಾನಾ?" ಗ್ರಾಂಟ್ ಹಿಟ್ಟಿನ ಕೈಯನ್ನು ಎದೆಗಿಟ್ಟುಕೊಂಡ. "ಜನ್ಮದಲ್ಲಿ ಇಲ್ಲ. ಪಟ್ಟಣ ಬಿಟ್ಟು ಇಲ್ಲಿಗೆ ಯಾಕೆ ಬಂದೆ ಹೇಳಿ? ಹಿಮ ಬೀಳೋ ಸದ್ದು ಕೇಳಬೇಕು ಅಂತ. ಇಂಗ್ರಿಡ್ ಏನೋ ಅರ್ಧ ಬೆಟ್ಟ ನಿಮಗೆ, ಅರ್ಧ ನಮಗೆ ಅಂತ ಒಪ್ಪಂದ ಮಾಡ್ಕೊಂಡ್ಲು. ಸದ್ದು ಅರ್ಧಕ್ಕೆ ನಿಲ್ಲುತ್ತಾ? ನಾನು ಅವಳಿಗೆ ಬಡ್ಕೊಂಡೆ, ಅವರನ್ನ ನಂಬಬೇಡ ಅಂತ. ಈಗ ನೋಡಿ." ಅವನ ಗಂಟಲು ಕಟ್ಟಿತು. ಅದು ನಾಟಕವಾಗಿರಲಿಲ್ಲ, ಅಷ್ಟನ್ನು ನಾನು ಆಣೆ ಮಾಡಿ ಹೇಳಬಲ್ಲೆ. "ಸಂಜೆ ಸಭೆಗೆ ಬನ್ನಿ. ಎಲ್ಲರ ಕಣ್ಣು ತೆರೆಸೋ ಅಂಥದ್ದು ಒಂದು ತೋರಿಸ್ತೀನಿ."

ಮೇಜಿನ ಕೆಳಗಿದ್ದ ಅವನ ದೊಡ್ಡ ಬಿಳಿ ನಾಯಿ ನನ್ನ ಬೂಟಿನ ಮೇಲೆ ಗದ್ದವಿಟ್ಟು ನಿದ್ದೆ ಹೋಗಿತ್ತು. ಕಾಲು ಬಿಡಿಸಿಕೊಂಡು ಎದ್ದೆ.

*

ಕಚೇರಿಯಲ್ಲಿ ನನ್ನ ಮೇಲಧಿಕಾರಿ ಡೆಲೋರಿಸ್ ಹಾಚ್ ಆಗಲೇ ಆದೇಶ ಬೆರಳಚ್ಚು ಮಾಡಿಸಿ ಇಟ್ಟುಕೊಂಡಿದ್ದರು. ಪಾರ್ಕಿನ್ ಬೆಟ್ಟವಿಡೀ ಸ್ಲೆಡ್ಡುಗಳಿಗೆ ಬಂದ್, ಇಂಗ್ರಿಡ್ ಮತ್ತು ಕ್ಲೇಟನ್ ಎರಡು ಚಳಿಗಾಲ ಕೂತು ಮಾಡಿಕೊಂಡ ಒಪ್ಪಂದ ರದ್ದು.

"ಐದು ಗಂಟೆಯ ಸಭೇಲೇ ಸಹಿ ಹಾಕ್ತೀನಿ," ಎಂದರು. "ಇಷ್ಟಪಟ್ಟು ಅಲ್ಲ ಮಾರ್ಲಿಸ್. ಕ್ಲೇಟನ್ ಒಪ್ಕೊಂಡಿದಾನೆ. ಆ ಹೆಣ್ಣುಮಗಳು ಉಳೀದೇ ಹೋದ್ರೆ ಅವನು ಜೈಲಿಗೂ ಹೋಗ್ತಾನೆ."

"ಅವನು ಸುಳ್ಳು ಹೇಳ್ತಿದಾನೆ."

"ತಾನೇ ಮಾಡಿದೆ ಅಂತ ಯಾರಾದ್ರೂ ಸುಳ್ಳು ಹೇಳ್ತಾರಾ?"

"ಅದನ್ನೇ ಕೇಳೋಕೆ ಹೊರಟಿದೀನಿ."

"ಐದು ಗಂಟೆ," ಎಂದರು ಡೆಲೋರಿಸ್, ಗಡಿಯಾರದ ಕಡೆ ಕಣ್ಣು ಹಾಯಿಸಿ.

ಹೊರಡುವ ಮುಂಚೆ ಸಾಕ್ಷ್ಯದ ಕೋಣೆಯ ಬೀಗ ತೆಗೆದೆ. ಇಂಗ್ರಿಡ್‌ಳ ಸಾಮಾನು ಮೂರು ದಿನದಿಂದ ಅಲ್ಲೇ ಇತ್ತು. ಆಸ್ಪತ್ರೆಯವರು ಕತ್ತರಿಯಲ್ಲಿ ಸೀಳಿ ತೆಗೆದ ಕಡುನೀಲಿ ಜಾಕೆಟ್ಟು, ಎರಡು ಸ್ಕೀ, ಬೆನ್ನುಚೀಲ. ಜೊತೆಗೆ ಪಾರುಗಾಣಿಕೆಯವರ ಟಿಪ್ಪಣಿ: 'ಎದೆಯವರೆಗೆ ಹೂತಿದ್ದರು. ಎರಡೂ ಸ್ಕೀ ಕಾಲಲ್ಲೇ ಇದ್ದವು. ಮುಖದ ಸುತ್ತ ಯಾರೋ ಮೊದಲೇ ಕೈಯಿಂದ ಹಿಮ ತೋಡಿದ್ದಾರೆ.'

ಆ ಯಾರೋ ಒಬ್ಬ ಕ್ಲಬ್ಬಿನ ಬಿಡಾರದ ಗೋಡೆ ಫೋನಿನಿಂದ ಹತ್ತು ಹತ್ತಕ್ಕೆ ಕರೆ ಮಾಡಿದ್ದ. 'ಪಾರ್ಕಿನ್ ಕೆಳಗೆ ಒಬ್ಬರು ಸಿಕ್ಕಿಬಿದ್ದಿದಾರೆ' ಎಂದಷ್ಟೇ ಹೇಳಿ ಹೆಸರು ಕೊಡದೆ ಇಟ್ಟುಬಿಟ್ಟಿದ್ದ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮಾತಾಡಿದ ಹಾಗಿದ್ದ ಗಂಡಸಿನ ದನಿ.

ಬೆನ್ನುಚೀಲ ಬಿಚ್ಚಿದೆ. ಮಂಗಳವಾರ ಬಿಚ್ಚಿದಾಗಲೂ ಇವೇ ವಸ್ತುಗಳಿದ್ದವು. ನೀರಿನ ಫ್ಲಾಸ್ಕು, ಗಿಣ್ಣು, ಸಣ್ಣ ಸಲಿಕೆ, ತುಪ್ಪಳಪಟ್ಟಿಗಳು. ಆಗ ನಾನು ಬರೀ ಪಟ್ಟಿ ಬರೆದುಕೊಂಡಿದ್ದೆ, ನೋಡಿರಲಿಲ್ಲ.

ಬೆಟ್ಟ ಹತ್ತುವವರು ಸ್ಕೀ ಜಾರದಿರಲೆಂದು ಅಡಿಗೆ ತುಪ್ಪಳದ ಪಟ್ಟಿ ಅಂಟಿಸಿಕೊಳ್ಳುತ್ತಾರೆ. ಮೇಲೆ ಮುಟ್ಟಿದ ಮೇಲೆ ಕಿತ್ತು ಮಡಚಿ ಚೀಲಕ್ಕೆ ತುರುಕುತ್ತಾರೆ. ಒದ್ದೆ ತುಪ್ಪಳ ಬೆಚ್ಚನೆಯ ಕೋಣೆಯಲ್ಲಿ ಮೂರು ದಿನ ಮುಚ್ಚಿಟ್ಟರೆ ಒದ್ದೆ ನಾಯಿಯ ವಾಸನೆ ಬರಬೇಕು. ಇವು ಗರಿಗರಿಯಾಗಿದ್ದವು. ಅಂಟಿನ ಮೇಲೆ ಹಾಕುವ ಬಲೆಬಟ್ಟೆ ಇಸ್ತ್ರಿ ಮಾಡಿಟ್ಟ ಹಾಗೆ ಇತ್ತು. ಮನೆಯಲ್ಲಿ ಒಣಗಿಸಿ, ಒಪ್ಪವಾಗಿ ಮಡಚಿ ತಂದವಳು ಅವನ್ನು ಆ ದಿನ ಬಿಚ್ಚಿಯೇ ಇರಲಿಲ್ಲ.

ಊರಿಂದ ಪಾರ್ಕಿನ್‌ಗೆ ಆರು ಮೈಲಿ ಏರು. ತುಪ್ಪಳಪಟ್ಟಿ ಇಲ್ಲದೆ ಯಾರೂ ಹತ್ತುವುದಿಲ್ಲ. ಹಾಗಾದರೆ ಇಂಗ್ರಿಡ್ ಹತ್ತಲಿಲ್ಲ. ಯಾರದೋ ಮೋಟಾರು ಅವಳನ್ನು ಹತ್ತಿಸಿತ್ತು.

ಸ್ಲೆಡ್ಡಿನವರಿಗೆ ತುಪ್ಪಳಪಟ್ಟಿ ಗೊತ್ತಿಲ್ಲ, ಸ್ಕೀಯವರಿಗೆ ಬೆರಳೆಣಿಕೆ ಗೊತ್ತಿಲ್ಲ. ಒಂದೇ ಅಂಗಡಿಯಲ್ಲಿ ಹಾಲು ಕೊಳ್ಳುವ ಜನ ಇವರು. ಎರಡನ್ನೂ ಬಲ್ಲ ನಾನು ಮೂರು ದಿನ ಕಣ್ಣಿದ್ದೂ ಕುರುಡಿಯಾಗಿದ್ದೆ. ನನ್ನ ಮೇಲೇ ನನಗೆ ಸಿಟ್ಟು ಬಂತು.

*

ಬಿಡಾರಕ್ಕೆ ಹೋಗುವ ದಾರಿ ಪಾರ್ಕಿನ್ ಇಳಿಜಾರಿನ ಎದುರಿಗೇ ಹಾಯುತ್ತದೆ. ಸ್ಲೆಡ್ ನಿಲ್ಲಿಸಿ ಇಳಿದೆ.

ಒಪ್ಪಂದದ ಪ್ರಕಾರ ಈ ಇಳಿಜಾರು ಸ್ಕೀಯವರದು. ಬೆಟ್ಟದ ಬೆನ್ನಿನ ಆಚೆ ಬದಿ ಸ್ಲೆಡ್ಡಿನವರದು. ಗೆರೆ ತಿಳಿಯಲೆಂದು ಇತ್ತ ನೀಲಿ ಫಲಕ, ಅತ್ತ ಕಿತ್ತಳೆ ಫಲಕ. ಇಳಿಜಾರಿನ ನೆತ್ತಿಯ ದಿಬ್ಬದಲ್ಲಿದ್ದ ನೀಲಿ ಫಲಕ ಗಾಳಿಗೆ ಬಿದ್ದಿತ್ತು. ಸೋಮವಾರ ಸಂಜೆ ನಾನೇ ಹೋಗಿ ಹೊಸ ಗಳ ನೆಟ್ಟು ಹೊಸ ಫಲಕ ಹೊಡೆದು ಬಂದಿದ್ದೆ. ಗಳಕ್ಕೆ ಹಳದಿ ಬಣ್ಣ ಸಾಲದೆ ತುದಿಗೆ ನನ್ನ ಹಳೆಯ ಕೆಂಪು ಮಫ್ಲರಿನ ತುಂಡು ಕಟ್ಟಿದ್ದೆ. ಅದು ಒಂದು ರಾತ್ರಿ ನಿಂತಿತ್ತು ಅಷ್ಟೆ. ಮಂಗಳವಾರದ ಕುಸಿತ ಅದನ್ನೂ ಎಳೆದೊಯ್ದಿತು.

ಮುರಿದ ಹಿಮದ ಅಂಚು ಇನ್ನೂ ಸ್ಪಷ್ಟವಾಗಿತ್ತು. ಎಡತುದಿಯಲ್ಲಿ ಸ್ಲೆಡ್ಡಿನ ಜಾಡು ಎರಡು. ಒಂದು ಮೇಲೆ, ಹೋದದ್ದು. ಇನ್ನೊಂದು ಹತ್ತು ಅಡಿ ಕೆಳಗೆ, ಮರಳಿದ್ದು. ಹೋಗುವಾಗ ಬೆಟ್ಟ ತಾಳಿಕೊಂಡಿದೆ. ಮರಳುವಾಗ ತಾಳಿಕೊಂಡಿಲ್ಲ. ಒಂದೇ ಸ್ಲೆಡ್ಡು, ಒಂದೇ ಚಕ್ರಪಟ್ಟಿಯ ಅಚ್ಚು. ಇಷ್ಟು ನಾನು ಮಂಗಳವಾರವೇ ಬರೆದುಕೊಂಡಿದ್ದೆ.

ಬಿಡಾರದಲ್ಲಿ ಕ್ಲೇಟನ್ ಒಬ್ಬನೇ ಕೂತಿದ್ದ. ಮರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಮುದುಕ. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಗೋಡೆಯಿಂದ ಕ್ಲಬ್ಬಿನ ಹಳೆಯ ಚಿತ್ರಗಳನ್ನು ಇಳಿಸಿ ಡಬ್ಬಕ್ಕೆ ತುಂಬುತ್ತಿದ್ದ. ಅವುಗಳಲ್ಲೊಂದರಲ್ಲಿ ನನ್ನಪ್ಪ ಇದ್ದ.

"ಬಾ ಹುಡುಗಿ," ಎಂದ. ನನಗೆ ಐವತ್ತು ತುಂಬುತ್ತಿದೆ. "ಐದಕ್ಕೆ ಸಹಿಯಂತೆ. ಬೆಟ್ಟ ಹೋದ ಮೇಲೆ ಬಿಡಾರ ಯಾಕೆ ಅಂತ ಖಾಲಿ ಮಾಡ್ತಿದೀನಿ. ಆರ್ವಿಡ್ ಚಿತ್ರ ನೀನು ತಗೊಂಡ್ಹೋಗು."

"ಕ್ಲೇಟನ್, ಗ್ರಾಂಟ್‌ಗೆ ನೀವು ಎಷ್ಟು ಬೆರಳು ತೋರಿಸಿದ್ರಿ?"

ಅವನ ಕೈ ಡಬ್ಬದೊಳಗೇ ನಿಂತಿತು.

"ಬ್ರೆಡ್ಡಿನವನಿಗಾ? ನೆನಪಿಲ್ಲ."

"ಅವನಿಗೆ ಚೆನ್ನಾಗಿ ನೆನಪಿದೆ. ನೀವು ಎರಡು, ಮರ್ಲ್ ಒಂದು. ಅವನು ಅದನ್ನ ಶಾಂತಿ ಮಂತ್ರ ಅಂದ್ಕೊಂಡಿದಾನೆ."

ಕ್ಲೇಟನ್‌ನ ಮೀಸೆ ಒಂದು ಕ್ಷಣ ನಗಲು ಹೊರಟು ಅಲ್ಲೇ ಸುಮ್ಮನಾಯಿತು.

"ಹಳೇ ಚಟ. ಕೈ ತಾನಾಗೇ ಏಳುತ್ತೆ. ತಪ್ಪು ಎಣಿಸಿರಬಹುದು."

"ನೀವು? ನಲವತ್ತು ವರ್ಷದಲ್ಲಿ ಒಂದು ಸಲ ತಪ್ಪು ಎಣಿಸಿದ್ದು ಹೇಳಿ, ಎದ್ದು ಹೋಗ್ತೀನಿ."

ನಾನು ಚೀಲದಿಂದ ತುಪ್ಪಳಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟೆ.

"ಇದೇನು? ಮೊಲದ ಚರ್ಮ?"

"ಇಂಗ್ರಿಡ್‌ದು. ಇದಿಲ್ಲದೆ ಸ್ಕೀಯವರು ಬೆಟ್ಟ ಹತ್ತಲ್ಲ. ಮುಟ್ಟಿ ನೋಡಿ, ಒಂದು ಹನಿ ನೀರು ಸೋಕಿಲ್ಲ. ಅವಳು ನಿಮ್ಮ ಹಿಂದೆ ಮೂರನೇ ಸ್ಲೆಡ್ಡಲ್ಲಿ ಬಂದ್ಲು ಕ್ಲೇಟನ್."

ಅವನು ಪಟ್ಟಿಯ ಮೇಲೆ ಬೆರಳಾಡಿಸಿದ. ಆಮೇಲೆ ಕಾಫಿ ಬಗ್ಗಿಸಿಕೊಟ್ಟ, ನಾನು ಕೇಳದಿದ್ದರೂ.

"ಓಪಲ್‌ದು ಹಳದಿ ಸ್ಲೆಡ್ ಇತ್ತಲ್ಲ, ಅದು," ಎಂದ. ಓಪಲ್ ಅವನ ಹೆಂಡತಿ, ತೀರಿಕೊಂಡು ಮೂರು ವರ್ಷ. "ಇಂಗ್ರಿಡ್‌ಗೆ ನಾನೇ ಓಡಿಸೋದು ಕಲಿಸಿದೆ. ಬೆನ್ನಿನ ಮೇಲೆ ಮುನ್ನೂರು ಗಜ ಗೆರೆ ಎಲ್ಲಿ ಹಾಯಬೇಕು ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ. ಕಾಗದದ ಮೇಲೆ ಎಳೆದಾಡಿ ಸಾಕಾಯ್ತು, ಜೊತೇಲೇ ಹೋಗಿ ನೋಡೋಣ ಅಂದ್ಲು. ಸ್ಕೀಯಲ್ಲಿ ಬಂದ್ರೆ ಅವಳಿಗೆ ಮೂರು ಗಂಟೆ, ನಮಗೆ ಅರ್ಧ ಗಂಟೆ. ಅದಕ್ಕೆ ಸ್ಕೀನ ಸ್ಲೆಡ್ಡಿಗೆ ಕಟ್ಕೊಂಡು ಬಂದ್ಲು."

"ಯಾರಿಗೂ ಹೇಳ್ಬೇಡಿ ಅಂದ್ಲು?"

"ಅನ್ನದೆ? ಅವರ ಕಡೆಯವರು ಸುಮ್ಮನಿರ್ತಾರಾ? ಸ್ಲೆಡ್ ಹತ್ತಿಸಿ ಅವಳನ್ನ ಕೊಂಡ್ಕೊಂಡ್ರು ಅಂತಾರೆ." ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದ. "ತಿರುವಿನಲ್ಲಿ ಗ್ರಾಂಟ್‌ನ ಬಿಳೀ ನಾಯಿ ಅವಳಿಗೆ ದೂರದಿಂದಲೇ ಕಂಡಿರಬೇಕು. ನಾನು ಗ್ರಾಂಟ್‌ನ ದಾಟಿ ತಿರುಗಿ ನೋಡಿದ್ರೆ ಹಿಂದೆ ಮರ್ಲ್ ಒಬ್ಬನೇ. ಅವಳು ಮರ ಸಾಗಿಸೋ ಹಳೇ ರಸ್ತೆಗೆ ತಿರುಗಿ ಅವಿತ್ಕೊಂಡಿದ್ಲು. ತನ್ನ ಸ್ನೇಹಿತನಿಗೆ ಹೆದರಿ! ಬರ್ತಾಳೆ ಬಿಡು ಅಂತ ನಾವು ಬೆನ್ನಿನ ಆಚೆ ತುದೀಲಿ ಕಾಯ್ತಾ ಕೂತ್ವಿ. ಆಮೇಲೆ ಆ ಸದ್ದು."

ಒಲೆಯಲ್ಲಿ ಸೌದೆ ಸರಿಯಿತು. ಅವನು ಬೆಚ್ಚಿಬಿದ್ದ.

"ಆ ರಸ್ತೆ ಸೀದಾ ಪಾರ್ಕಿನ್ ನೆತ್ತಿಗೆ ಹೋಗುತ್ತೆ. ದಾರಿ ತಪ್ಪಿ, ಇಳಿಜಾರು ಅಡ್ಡ ಹಾದು ನಮ್ಮನ್ನ ಸೇರ್ಕೊಳ್ಳೋಣ ಅಂತ ಹೋಗಿದಾಳೆ. ಕಲಿತು ಒಂದು ತಿಂಗಳೂ ಆಗಿಲ್ಲ. ಹತ್ತಿಸಿದ್ದು ನಾನು. ಇನ್ಯಾರ ಹೆಸರು ಬರೀಲಿ?"

"ನೀವು ಒಪ್ಕೊಂಡಿದ್ದರಿಂದ ನಿಮ್ಮವರ ಬೆಟ್ಟ ಹೋಯ್ತಲ್ಲ?"

"ಯೋಚಿಸ್ದೆ ಇದ್ನಾ? ಸ್ಲೆಡ್ ಅಂತೂ ಸ್ಲೆಡ್ಡೇ. ಅದರ ಮೇಲೆ ಯಾರೇ ಕೂತಿರ್ಲಿ, ಬೆಟ್ಟ ಹೋಗೋದೇ. ಅವಳ ಹೆಸರಾದ್ರೂ ಉಳೀಲಿ ಅಂದ್ಕೊಂಡೆ. ನನ್ನನ್ನ ಬೈಯೋದು ಈ ಊರಿಗೆ ಹೊಸದಲ್ಲ. ಅವಳು ಶಾಲೇಲಿ ಮಕ್ಕಳಿಗೆ ಹಾಡು ಹೇಳಿಕೊಡೋಳು. ಕಣ್ಣು ಬಿಟ್ಟ ದಿನ ಎಲ್ಲರೂ ಮುಖ ತಿರುಗಿಸಿದ್ರೆ ಹೇಗೆ?"

ಅಪ್ಪನ ಚಿತ್ರವನ್ನು ಕೈಗೆತ್ತಿಕೊಂಡು ಒರೆಸಿದೆ. ಈ ಮುದುಕ ಹಿಂದೊಮ್ಮೆ ಇಂಗ್ರಿಡ್‌ಳನ್ನು ತುಂಬಿದ ಸಭೆಯಲ್ಲಿ 'ಉಣ್ಣೆ ಟೋಪಿ ಮಹಾರಾಣಿ' ಎಂದು ಕರೆದಿದ್ದ. ಅವಳು ಇವನನ್ನು 'ಪೆಟ್ರೋಲ್ ಅಜ್ಜ' ಎಂದಿದ್ದಳು. ಅದೇ ಇಬ್ಬರು ಎರಡು ಚಳಿಗಾಲ ಇವನ ಅಡಿಗೆಮನೆಯಲ್ಲಿ ಭೂಪಟ ಹರಡಿಕೊಂಡು ಗಜಗಜಕ್ಕೂ ಜಗಳವಾಡಿ, ಮಧ್ಯೆ ಮಾಂಸದ ಸಾರು ಉಂಡು, ಒಂದು ಗೆರೆಗೆ ಬಂದಿದ್ದರು.

"ಕ್ಲೇಟನ್, ನಿಮಗೆ ಒಂದು ವಿಷಯ ಯಾರೂ ಹೇಳಿಲ್ಲ. ಹಿಮದಿಂದ ತೆಗೆದಾಗ ಇಂಗ್ರಿಡ್ ಕಾಲಲ್ಲಿ ಎರಡೂ ಸ್ಕೀ ಇದ್ದವು."

"ಹೂಂ. ಅದಕ್ಕೆ?"

"ಸ್ಕೀ ಹಾಕ್ಕೊಂಡು ನೀವು ಸ್ಲೆಡ್ ಓಡಿಸಿ ನೋಡೋಣ."

ಅವನು ನನ್ನನ್ನೇ ನೋಡಿದ. ಅರ್ಥವಾಗುವುದಕ್ಕೆ ಹೊತ್ತು ಹಿಡಿಯಿತು. ಲೋಟ ಕೆಳಗಿಟ್ಟ.

"ಅವಳು ಮೇಲೆ ಇರಲಿಲ್ಲ?"

"ನೀಲಿ ಫಲಕ ದಾಟಿ ಅವಳು ಸ್ಲೆಡ್ ತಗೊಂಡೇ ಹೋಗಿಲ್ಲ. ಗೆರೆ ಎಳೆದವಳು ಅವಳು. ರಸ್ತೆಯ ಬಾಯಲ್ಲೇ ಸ್ಲೆಡ್ ಬಿಟ್ಟು, ಸ್ಕೀ ಕಟ್ಕೊಂಡು, ಇಳಿಜಾರಿನ ಅಡಿಯ ಸಮತಟ್ಟು ದಾರೀಲಿ ನಿಮ್ಮ ಕಡೆ ಹೊರಟಿದಾಳೆ. ಅಲ್ಲಿಗೆ ತುಪ್ಪಳಪಟ್ಟಿ ಬೇಡ. ಮೇಲೆ ಸ್ಲೆಡ್ ಓಡಿಸಿದವನು ಬೇರೆ ಯಾರೋ."

ಕ್ಲೇಟನ್ ಮುಖ ಮುಚ್ಚಿಕೊಂಡ. ಅಳುತ್ತಿದ್ದನೋ ನಗುತ್ತಿದ್ದನೋ, ಭುಜ ಅಲುಗುತ್ತಿತ್ತು. ಮೂರು ದಿನದ ಭಾರ ಅದು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

"ಆ ಹಳದಿ ಸ್ಲೆಡ್ ಈಗ ಎಲ್ಲಿದೆ?" ಎಂದು ಕೊನೆಗೆ ಕೇಳಿದೆ.

"ಅದೇ ನನಗೆ ಬಗೆಹರೀದೇ ಇರೋದು," ಎಂದ, ಮೂಗು ಒರೆಸಿಕೊಂಡು. "ಮಂಗಳವಾರ ಮಧ್ಯಾಹ್ನ ಅದನ್ನ ಹಿಮದಲ್ಲೆಲ್ಲ ಹುಡುಕಿ ಸುಸ್ತಾಗಿ ಮನೆಗೆ ಬಂದ್ರೆ, ನನ್ನ ಕೊಟ್ಟಿಗೇಲೇ ನಿಂತಿತ್ತು. ಮೇಲೆ ಹೊದಿಕೆ ಬೇರೆ. ಮರ್ಲ್ ತಂದ ಅಂದ್ಕೊಂಡೆ, ಅವನು 'ನೀವು ತಂದ್ರಿ ಅಂದ್ಕೊಂಡೆ' ಅಂದ. ಇನ್ನೊಂದು ವಿಚಿತ್ರ. ಕೀ ತೆಗೆದು, ಒಪ್ಪವಾಗಿ ಸೀಟಿನ ಮೇಲಿಟ್ಟಿದ್ರು."

"ಕೀ ತೆಗೆದು?"

"ಅದೇ ಅಂತೀನಿ. ಇಲ್ಲಿ ಸ್ಲೆಡ್ ಇರೋ ಯಾರು ಕೀ ತೆಗೀತಾರೆ? ಯಾರಿಗಾದ್ರೂ ಆಪತ್ತಿಗೆ ಬೇಕಾಗುತ್ತೆ ಅಂತ ನಿನ್ನಪ್ಪನ ಕಾಲದಿಂದ ಕೀ ಅದರಲ್ಲೇ ಬಿಡ್ತೀವಿ. ಅದು ನಮ್ಮವರ ಕೈಯಲ್ಲ ಹುಡುಗಿ. ಪಟ್ಟಣದ ಮರ್ಯಾದಸ್ಥರ ಕೈ."

ಗೋಡೆಯ ಗಡಿಯಾರ ನಾಲ್ಕು ಇಪ್ಪತ್ತು ತೋರಿಸುತ್ತಿತ್ತು.

"ಟೋಪಿ ಹಾಕ್ಕೊಳ್ಳಿ," ಎಂದೆ. "ಸಹಿ ಆಗೋ ಮುಂಚೆ ಡೆಲೋರಿಸ್‌ಗೆ ಇದನ್ನೆಲ್ಲ ನೀವೇ ಹೇಳಬೇಕು."

"ಇಂಗ್ರಿಡ್ ಸ್ಲೆಡ್ ಹತ್ತಿದ್ದೂ?"

"ಅದನ್ನೂ."

ಅವನು ಟೋಪಿ ಕೈಯಲ್ಲಿ ಹಿಡಿದು ನಿಂತ. "ಅವಳನ್ನ ಕೇಳದೆ ಹೇಳೋದು ನನಗೆ ಸರಿ ಕಾಣಲ್ಲ," ಎಂದ. ಆದರೂ ಹೊರಟ.

*

ಶಾಲೆಯ ಆಟದ ಸಭಾಂಗಣ ತುಂಬಿತ್ತು. ಎಡಕ್ಕೆ ಕ್ಲಬ್ಬಿನ ಹೆಸರು ಹೊಲಿದ ದಪ್ಪ ಜಾಕೆಟ್ಟುಗಳು, ಬಲಕ್ಕೆ ಉಣ್ಣೆ ಟೋಪಿಗಳು. ನಡುವಿನ ಓಣಿಯಲ್ಲಿ ಒಂದು ಕುರ್ಚಿಯನ್ನೂ ಯಾರೂ ಹಾಕಿಕೊಂಡಿರಲಿಲ್ಲ. ಕ್ಲೇಟನ್ ಒಳಗೆ ಬಂದದ್ದೇ ಬಲಗಡೆ ಗುಜುಗುಜು ಎದ್ದಿತು. ಎಡಗಡೆಯವರು ನೆಲ ನೋಡಿದರು. ಅವನಿಗೆ ಅದೇ ಹೆಚ್ಚು ನೋವಾಗಿರಬೇಕು.

ಡೆಲೋರಿಸ್ ಮುಂದಿನ ಮೇಜಿನಲ್ಲಿ ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡು ಕೂತಿದ್ದರು. ಗ್ರಾಂಟ್ ಆಗಲೇ ಮೈಕಿನ ಮುಂದೆ ನಿಂತಿದ್ದ. ಬಿಳಿ ಅಂಗಿ, ಬಾಚಿದ ತಲೆ. ದನಿ ತಗ್ಗಿಸಿ ಮಾತಾಡುತ್ತಿದ್ದ, ಅದಕ್ಕೇ ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

"ನಾನು ಯಾರನ್ನೂ ಬೈಯೋಕೆ ನಿಂತಿಲ್ಲ. ಇಂಗ್ರಿಡ್ ನಂಬಿದ್ಲು. ನಂಬಿದ್ದಕ್ಕೆ ಏನಾಯ್ತು ಅಂತ ನೀವೇ ನೋಡಿದ್ರಿ. ಇದು ಒಂದು ದಿನದ ತಪ್ಪಲ್ಲ. ಅವರು ಗೆರೆ ದಾಟ್ತಾನೇ ಇದ್ರು. ಹೋದ ವಾರ ನಾನೇ ಕಣ್ಣಾರೆ ಕಂಡು ತೆಗೆದ ಚಿತ್ರ ಇದು."

ದೀಪ ಆರಿತು. ಪರದೆಯ ಮೇಲೆ ಪಾರ್ಕಿನ್ ಇಳಿಜಾರು ಬೆಳಗಿತು. ಬೆಳಗಿನ ಓರೆ ಬಿಸಿಲು, ಇಡಿಯಾದ ಹಿಮ, ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದೇ ಒಂದು ಸ್ಲೆಡ್ ಜಾಡು. ಬಲಗಡೆಯಿಂದ ಸಿಟ್ಟಿನ ಉದ್ಗಾರ ಬಂತು. ಎಡಗಡೆ ಯಾರೋ "ಥೂ, ಯಾವನವನು" ಎಂದರು.

ನಾನು ಓಣಿಯಲ್ಲಿ ಅರ್ಧ ದಾರಿಗೆ ಬಂದವಳು ಅಲ್ಲೇ ನಿಂತೆ.

ಚಿತ್ರದ ಎಡಮೂಲೆಯ ದಿಬ್ಬದ ಮೇಲೆ ಒಂದು ಗಳ ಇತ್ತು. ನೀಲಿ ಫಲಕ. ತುದಿಯಲ್ಲಿ ಗಾಳಿಗೆ ಎದ್ದು ನಿಂತ ಕೆಂಪು ಮಫ್ಲರಿನ ತುಂಡು.

ಹೋದ ವಾರ ಆ ಗಳ ನನ್ನ ಕೊಟ್ಟಿಗೆಯಲ್ಲಿತ್ತು. ಬೆಟ್ಟದ ಮೇಲೆ ಅದು ಬೆಳಗು ಕಂಡಿದ್ದು ಒಂದೇ ಸಲ, ಮಂಗಳವಾರ. ಜಾಡು ಒಂದೇ ಇದೆ. ಎಂದರೆ ಸ್ಲೆಡ್ಡು ಹೋಗಿದೆ, ಇನ್ನೂ ಮರಳಿಲ್ಲ. ಆ ಹೊತ್ತಿನಲ್ಲಿ, ಆ ಎತ್ತರದಿಂದ ಈ ಚಿತ್ರ ತೆಗೆಯಬಲ್ಲವನು ಒಬ್ಬನೇ. ಗೆರೆ ದಾಟಿದ ಸಾಕ್ಷಿ ಬೇಕೆಂದು ತಾನೇ ಗೆರೆ ದಾಟಿದವನು. ರಸ್ತೆಯ ಬಾಯಲ್ಲಿ ಕೀ ಸಮೇತ ನಿಂತಿದ್ದ ಇಂಗ್ರಿಡ್‌ಳ ಸ್ಲೆಡ್ಡು ಅವನ ಕಣ್ಣಿಗೆ ಬಿದ್ದಿರಬೇಕು.

ಅವನು ಅವಳ ಮುಖದ ಸುತ್ತ ಹಿಮ ತೋಡಿದ್ದಾನೆ, ಫೋನು ಮಾಡಿದ್ದಾನೆ, ಎಂದು ನನ್ನ ಮನಸ್ಸು ಅವನ ಪರವಾಗಿ ವಾದಿಸತೊಡಗಿತು. ಕೆಳಗೆ 'ಯಾರೂ ಇಲ್ಲ' ಎಂದುಕೊಂಡೇ ತಿರುಗಿಸಿರಬೇಕು. ಬೆಳಿಗ್ಗೆ ಕಟ್ಟಿದ ಆ ಗಂಟಲು ಸುಳ್ಳಲ್ಲ.

ಆಗ ಚಿತ್ರದ ತಳದಲ್ಲಿ, ಫರ್ ಮರಗಳ ಸಾಲಿನ ಮುಂದೆ, ಒಂದು ಕಡುನೀಲಿ ಚುಕ್ಕೆ ಕಂಡಿತು. ಪರದೆಯ ಮೇಲೆ ಹೆಬ್ಬೆರಳಿನಷ್ಟು. ಎರಡು ಸಣ್ಣ ಗೆರೆಗಳ ಮೇಲೆ ನಿಂತ ಮನುಷ್ಯಾಕಾರ. ಅದರ ಎಡಗೈ ನೆಟ್ಟಗೆ ಮೇಲಕ್ಕೆ ಎದ್ದಿತ್ತು.

ತಾನು ಬಿಟ್ಟುಬಂದ ಹಳದಿ ಸ್ಲೆಡ್ಡನ್ನು ಮೇಲೆ ಕಂಡು, ಕ್ಲೇಟನ್ನೇ ತನ್ನನ್ನು ಹುಡುಕಿ ಬಂದನೆಂದುಕೊಂಡಿದ್ದಳು. ಒಂದು ತಿಂಗಳಲ್ಲಿ ಕಲಿತದ್ದನ್ನು ಶಿಸ್ತಾಗಿ ತೋರಿಸುತ್ತಿದ್ದಳು. ಬೆರಳು ಕಾಣುವಷ್ಟು ದೊಡ್ಡದಾಗಿರಲಿಲ್ಲ ಚಿತ್ರ. ನನಗೆ ಕಾಣಬೇಕಾಗಿಯೂ ಇರಲಿಲ್ಲ. ರಸ್ತೆಯಲ್ಲಿ ಬಾರದೇ ಹೋದ ಮುಷ್ಟಿ ಅಲ್ಲಿತ್ತು.

ಹಿಂದೆ ಕ್ಲೇಟನ್‌ನ ಉಸಿರು ಕೇಳಿಸಿತು. ಅವನೂ ಅದನ್ನು ಕಂಡಿದ್ದ.

ಡೆಲೋರಿಸ್ ಪೆನ್ನು ಕಾಗದಕ್ಕೆ ತಾಗಿಸಿದರು. ಗ್ರಾಂಟ್ ಮುಂದಿನ ಚಿತ್ರಕ್ಕೆ ಗುಂಡಿ ಒತ್ತಲು ಕೈ ಚಾಚಿದ.

"ಆ ಚಿತ್ರ ತೆಗೀಬೇಡಿ," ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಇಡೀ ಸಭೆ ಹಿಂದಕ್ಕೆ ತಿರುಗಿತು. "ಗ್ರಾಂಟ್, ಒಂದೇ ಪ್ರಶ್ನೆ. ಕೆಳಗೆ ನಿಂತು ಅವಳು ನಿಮಗೆ ಕೈ ಎತ್ತಿದ್ದು, ನೀವು ಸ್ಲೆಡ್ ತಿರುಗಿಸೋ ಮುಂಚೇನೇ ಕಂಡಿತ್ತಾ?"